ರೊಟ್ಟಿ ಮೇಲಿನ ಅಕ್ಷರ: ಡೋರೆಮಾನ್ ಬಿಡದ ಒಬ್ಬ ಹುಡುಗನ ಪ್ರಕರಣ

ಆ ದಿನ ಕೈಗೆ ಬಂದ ಪುಸ್ತಕ ನೋಡಿ ನನಗೆ ಸಿಟ್ಟು ಬಂತು. ಎರಡು ಪುಟ ಒದ್ದೆಯಾಗಿ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ನಡುವೆ ಜೋಳದ ಹಿಟ್ಟಿನ ಬಿಳಿ ಕಲೆ, ಅಂಚಿನಲ್ಲಿ ಕೆಂಪು ಚಟ್ನಿ. "ಪುಸ್ತಕದಾಗ ರೊಟ್ಟಿ ಇಟ್ಟಿದ್ದೇನೋ?" ಅಂತ ಕೇಳಿದೆ. ಹುಡುಗ ಹೌದು ಅಂತ ತಲೆ ಆಡಿಸಿದ. ಯಾಕೆ ಅಂತ ನಾನು ಕೇಳಲಿಲ್ಲ. ಎಲ್ಲರ ಮುಂದೆ ಬೈದೆ, ಪುಸ್ತಕವನ್ನು ಒಣಗೋಕೆ ಕಿಟಕಿಯಲ್ಲಿಟ್ಟೆ, ಪಾಠ ಮುಂದುವರಿಸಿದೆ. ಅವನು ಹಾಗೆ ಯಾಕೆ ಮಾಡಿದ್ದ ಅಂತ ತಿಳಿಯೋಕೆ ನನಗೆ ಒಂದೂವರೆ ತಿಂಗಳು ಬೇಕಾಯಿತು.

ನಾನು ಕೊಪ್ಪಳ ಜಿಲ್ಲೆಯ ಒಂದು ಊರಿನಲ್ಲಿ ನಲಿ-ಕಲಿ ತರಗತಿ ನಡೆಸುತ್ತೇನೆ. 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಾರ್ಡು ಹಿಡಿದು ಕಲಿಯುವ ಪದ್ಧತಿ ಅದು. ಊರಿನ ಹೆಸರು, ಹುಡುಗನ ಹೆಸರು ಇಲ್ಲಿ ಬೇಡ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಆರೂವರೆ ವರ್ಷ, ಒಂದನೇ ತರಗತಿ. ತಂದೆ ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಗಾರ. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಜೊತೆಗೆ ಅಜ್ಜಿ, ಒಬ್ಬ ತಂಗಿ. ಮನೆಯಲ್ಲಿ ಮಾತಿನ ಮಲ್ಲ, ಶಾಲೆಗೆ ಬಂದರೆ ಬಾಯಿಗೆ ಬೀಗ. ಓದು ಅಂದರೆ ಕಾರ್ಡನ್ನೇ ನೋಡುತ್ತಾ ನಿಲ್ಲುತ್ತಿದ್ದ. ನಮ್ಮಲ್ಲಿ ಅಕ್ಷರ ಶುರುವಾಗೋದು 'ರ, ಗ, ಸ, ದ, ಅ' ಕ್ರಮದಲ್ಲಿ. ಬೇರೆ ಮಕ್ಕಳು ನಾಲ್ಕೈದು ಗುಂಪು ದಾಟಿದ್ದರೂ ಇವನು ಮೊದಲ ಐದರಲ್ಲೇ ಸಿಕ್ಕಿಕೊಂಡಿದ್ದ.

ರೊಟ್ಟಿ ಪ್ರಸಂಗ ನಡೆದ ವಾರವೇ ತಾಯಿ ಬಂದರು. "ಮೇಡಂ, ನೀವರ ಸ್ವಲ್ಪ ಹೇಳ್ರಿ. ಇಡೀ ದಿನ ಆ ನೀಲಿ ಬೆಕ್ಕಿನ ಮುಂದ ಕುಂದರ್ತಾನ. ಫೋನ್ ಇಲ್ಲಂದ್ರ ತುತ್ತು ಒಳಗ ಹೋಗಂಗಿಲ್ಲ. ಮಾತು ಸೈತ ಹಿಂದಿ ಆಗ್ಯಾವು." ನೀಲಿ ಬೆಕ್ಕು ಅಂದರೆ ಡೋರೆಮಾನ್, ಜಪಾನಿನ ಕಾರ್ಟೂನಿನ ಯಂತ್ರದ ಬೆಕ್ಕು. ಇವನು ನೋಡುತ್ತಿದ್ದದ್ದು ಅದರ ಹಿಂದಿ ರೂಪ. ಭಾಷೆ ವಿಷಯದಲ್ಲಿ ಮಾತ್ರ ತಂದೆಗೆ ಬೇಸರ ಇರಲಿಲ್ಲ. ಕಾರ್ಖಾನೆಯಲ್ಲಿ ಹೊರಗಿನಿಂದ ಬಂದವರೇ ಜಾಸ್ತಿ, ಹಿಂದಿ ಬಂದರೆ ಮುಂದೆ ಅನುಕೂಲ ಅನ್ನೋದು ಅವರ ಲೆಕ್ಕ. ಇದು ನಮ್ಮ ಊರಿನ ಕಥೆ ಅಷ್ಟೇ ಅಲ್ಲ. 2013ರಲ್ಲಿ ಬಾಂಗ್ಲಾದೇಶದ ಸರ್ಕಾರ, ಮಕ್ಕಳು ಹಿಂದಿ ಕಲಿಯುತ್ತಿದ್ದಾರೆ ಅಂತ ಹಿಂದಿ ಡೋರೆಮಾನ್‌ನ ಪ್ರಸಾರವನ್ನೇ ನಿಲ್ಲಿಸಿತ್ತು.

ಮೊದಲು ಮಾಡಿದ್ದೆಲ್ಲ ತಪ್ಪು

ತಾಯಿ ಕೇಳಿದರು ಅಂತ ನಾನೂ ಹುಡುಗನನ್ನು ಕರೆದು ಗದರಿಸಿದೆ. ಅದರಿಂದ ಆದದ್ದು ಒಂದೇ: ಮೊದಲು ನನ್ನ ಜೊತೆ ಆಡುತ್ತಿದ್ದ ನಾಲ್ಕು ಮಾತನ್ನೂ ನಿಲ್ಲಿಸಿದ.

ಆಮೇಲೆ ಡಿಸೆಂಬರಿನಲ್ಲಿ ಫೋನ್ ಬಂದ್ ಮಾಡಿ ಅಂತ ಸಲಹೆ ಕೊಟ್ಟೆ. ಮೂರು ದಿನ ಮನೆಯಲ್ಲಿ ರಂಪ. ನಾಲ್ಕನೇ ದಿನ ಫೋನ್ ವಾಪಸ್ ಅವನ ಕೈಗೆ ಹೋಯಿತು. ಗವಿಮಠದ ಜಾತ್ರೆ ಹತ್ತಿರ ಬರುತ್ತಿತ್ತು, ಹೊಲಿಯೋ ಬ್ಲೌಸು ರಾಶಿ ಬಿದ್ದಿದ್ದವು. ತಾಯಿಯನ್ನು ನಾನು ದೂರಲ್ಲ. ಸಲಹೆ ಕೊಡುವಾಗ ಆ ಮನೆಯಲ್ಲಿ ಮಧ್ಯಾಹ್ನ ಮಗುವನ್ನು ಹಿಡಿದು ಕೂರೋಕೆ ಯಾರಿದ್ದಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮೂರನೆಯದು ನನಗೆ ಜಾಣ ಉಪಾಯ ಅನ್ನಿಸಿತ್ತು. ಕಾರ್ಟೂನೇ ಬೇಕಾದರೆ ಕನ್ನಡದ್ದೇ ನೋಡಲಿ ಅಂತ ಶಿಶುಗೀತೆಗಳ ಒಂದಷ್ಟು ವಿಡಿಯೊ ತಾಯಿಯ ಫೋನಿಗೆ ಹಾಕಿಕೊಟ್ಟೆ. ಹೊಳೆಯೋ ಬಣ್ಣ, ಕುಣಿಯೋ ಆನೆ, ಮೂರು ಸೆಕೆಂಡಿಗೊಮ್ಮೆ ಬದಲಾಗುವ ದೃಶ್ಯ. ತಂಗಿ ಖುಷಿಯಾಗಿ ಕುಣಿದಳು. ಇವನು ಎರಡು ದಿನ ನೋಡಿ ಬಿಟ್ಟ. ಯಾಕೋ ಅಂತ ಕೇಳಿದರೆ ಹೇಳಿದ್ದು ಒಂದೇ ಮಾತು: "ಅದರಾಗ ಯಾರೂ ಇಲ್ರಿ."

ಆ ಮಾತು ನನ್ನನ್ನು ಬಿಡಲಿಲ್ಲ. ಆನೆ ಇತ್ತು, ಮಂಗ ಇತ್ತು, ಬಸ್ಸು ಕೂಡ ಹಾಡುತ್ತಿತ್ತು. ಯಾರೂ ಇಲ್ಲ ಅಂದರೆ ಏನು ಅರ್ಥ? ಹಾಗಾದರೆ ಡೋರೆಮಾನ್‌ನಲ್ಲಿ ಯಾರಿದ್ದಾರೆ? ಅಲ್ಲಿವರೆಗೂ ನಾನು ಅದರ ಒಂದು ಕಂತನ್ನೂ ಪೂರ್ತಿ ನೋಡಿರಲಿಲ್ಲ. ನೋಡದೇ ಬಯ್ಯೋದು ನಮ್ಮ ವೃತ್ತಿಯ ಒಂದು ಚಟ.

ಪಕ್ಕದಲ್ಲಿ ಕೂತು ನೋಡಿದ್ದು

ಜಾತ್ರೆ ಮುಗಿದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಅಜ್ಜಿ ಚಹಾ ಕೊಟ್ಟರು. ನಾನು, ಹುಡುಗ, ಅಜ್ಜಿ ಮೂವರೂ ಕೂತು ನಾಲ್ಕು ಕಥೆ ನೋಡಿದೆವು. ಒಂದೊಂದು ಹತ್ತು-ಹನ್ನೊಂದು ನಿಮಿಷದ್ದು. ನಾನು ನೋಟ್‌ಬುಕ್ ಹಿಡಿದಿದ್ದೆ.

ಮೊದಲು ಗಮನಕ್ಕೆ ಬಂದದ್ದು ಚಲನೆ ಎಷ್ಟು ಕಡಿಮೆ ಅನ್ನೋದು. ಡೋರೆಮಾನ್ ಜೊತೆಗಿರುವ ಹುಡುಗ ನೊಬಿತಾ ನಿಂತಿದ್ದಾನೆ. ಮೈ ಅಲ್ಲಾಡೋದಿಲ್ಲ, ಹಿಂದಿನ ಗೋಡೆ ಬರೀ ಚಿತ್ರ. ಬಾಯಿ ಮಾತ್ರ ಮುಚ್ಚುತ್ತೆ, ಅರ್ಧ ತೆರೆಯುತ್ತೆ, ಪೂರ್ತಿ ತೆರೆಯುತ್ತೆ. ಆಗೊಮ್ಮೆ ಈಗೊಮ್ಮೆ ರೆಪ್ಪೆ ಬಡಿಯುತ್ತೆ. ಇದು ಹುಟ್ಟಿದ್ದು ಬಡತನದಿಂದ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಅಷ್ಟಕ್ಕೂ ಹೊಸ ಚಿತ್ರ ಬರೆಯೋದು ಟಿವಿಯ ದುಡ್ಡಿನಲ್ಲಿ ಆಗದ ಮಾತು. 1963ರ ಜನವರಿ 1ರಂದು ಜಪಾನಿನ ಟಿವಿಯಲ್ಲಿ ಚಿತ್ರಕಥೆಗಾರ ಒಸಾಮು ತೆಜುಕಾ ಅವರ 'ತೆತ್ಸುವಾನ್ ಆಟಮ್' (ಆಸ್ಟ್ರೋ ಬಾಯ್) ಕಾರ್ಟೂನ್ ಶುರುವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಬೇಕು, ಕೈಯಲ್ಲಿ ದುಡ್ಡೂ ಇಲ್ಲ, ದಿನಗಳೂ ಇಲ್ಲ. ಹಾಗಾಗಿ ಒಂದು ಚಿತ್ರವನ್ನು ಮೂರು ಚೌಕಟ್ಟಿನವರೆಗೆ ಎಳೆದರು, ಅಂದರೆ ಸೆಕೆಂಡಿಗೆ 8 ಚಿತ್ರ. ಒಮ್ಮೆ ಬರೆದ ಓಟ, ಹಾರಾಟವನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ಮುಖ ದೊಡ್ಡದಾಗಿ ತೋರಿಸಿ, ಮಾತು ಮತ್ತು ಸಂಗೀತದ ಮೇಲೆ ಭಾರ ಹಾಕಿದರು.

ದುಡ್ಡು ಉಳಿಸೋಕೆ ಹೂಡಿದ ಆ ಉಪಾಯ ಸಣ್ಣ ಮಗುವಿಗೆ ವರವಾಗಿದೆ ಅನ್ನೋದು ನನಗೆ ಕಂಡದ್ದು ಪರದೆ ನೋಡಿ ಅಲ್ಲ, ಹುಡುಗನ ಮುಖ ನೋಡಿ. ನೊಬಿತಾನ ಮುಖ ಎರಡು ಸೆಕೆಂಡು ಸುಮ್ನೆ ನಿಂತಾಗ ಇವನೂ ಅಲ್ಲಾಡದೆ ಅದನ್ನು ಓದುತ್ತಿದ್ದ. ಅಮ್ಮ ಬಾಗಿಲಿಗೆ ಬರೋ ಮೊದಲೇ "ಈಗ ಬೈತಾಳ" ಅಂದ. ಓದೋಕೆ ಅವನಿಗೆ ಅಲ್ಲಿ ಟೈಮ್ ಸಿಗುತ್ತಿತ್ತು. ಕುಣಿಯೋ ಆನೆ ಅಷ್ಟು ಟೈಮ್ ಕೊಡುತ್ತಿರಲಿಲ್ಲ. ನನ್ನ ತರಗತಿಯೂ ಕೊಡುತ್ತಿರಲಿಲ್ಲ ಅನ್ನೋದು ಆಮೇಲೆ ಹೊಳೆಯಿತು. ಕಾರ್ಡು ತೋರಿಸಿ ಎರಡು ಸೆಕೆಂಡಿಗೆ "ಹೇಳು, ಹೇಳು" ಅನ್ನುತ್ತಿದ್ದೆ ನಾನು.

ಅಜ್ಜಿಯ ಮಾತು ಇಲ್ಲಿ ಹೇಳಲೇಬೇಕು. ಎರಡನೇ ಕಥೆಯ ನಡುವೆ ಅಂದರು: "ಇದು ನಮ್ಮ ತೊಗಲಗೊಂಬಿ ಆಟ ಇದ್ದಂಗ ಐತಿ ನೋಡವಾ. ಗೊಂಬಿ ಮೈ ಹಂಗ ನಿಂತಿರ್ತಿತ್ತು, ಕೈ ಒಂದ ಆಡ್ತಿತ್ತು. ಮಾತಿನ್ಯಾಗ ಜೀವ ಬರ್ತಿತ್ತು." ಜಪಾನಿನ ಅನಿಮೇಷನ್ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ತೊಗಲುಗೊಂಬೆಯ ನಾಡು ನಮ್ಮದು. ನಿಂತ ಚಿತ್ರಕ್ಕೆ ದನಿಯಿಂದ ಜೀವ ತುಂಬೋದು ಇಲ್ಲಿನ ಮಕ್ಕಳಿಗೆ ಹೊಸದಲ್ಲ. ಮರೆತದ್ದು ನಾವು.

ಎರಡನೆಯದು ಮುಖ. ದೊಡ್ಡ ತಲೆ, ದುಂಡು ಕೆನ್ನೆ, ದೊಡ್ಡ ಕಣ್ಣು, ಚಿಕ್ಕ ಮೂಗು ಕಂಡರೆ ನಮಗೆ ಕೂಸಿನ ಮೇಲೆ ಬರುವಂಥ ಅಕ್ಕರೆ ಬರುತ್ತೆ ಅಂತ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದರು. ಡೋರೆಮಾನ್ ಅಂತೂ ಪೂರ್ತಿ ದುಂಡು. ಎತ್ತರ 129.3 ಸೆಂಟಿಮೀಟರ್, ಆ ಕಾಲದ ಜಪಾನಿನ ನಾಲ್ಕನೇ ತರಗತಿ ಮಕ್ಕಳ ಸರಾಸರಿ ಎತ್ತರ. 22ನೇ ಶತಮಾನದಿಂದ ಬಂದ ಯಂತ್ರವಾದರೂ ಹುಡುಗನ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತೆ. ಮೇಲಿನಿಂದ ಬಗ್ಗಿ ಮಾತಾಡುವ ದೊಡ್ಡವರ ಹಾಗಲ್ಲ.

ಮೂರನೆಯದು ಊರು. ಅಲ್ಲಿ ಒಂದು ಖಾಲಿ ಜಾಗ, ಮೂರು ಸಿಮೆಂಟ್ ಪೈಪು ಪೇರಿಸಿಟ್ಟಿದ್ದಾರೆ. ಮಕ್ಕಳು ಅದರ ಮೇಲೆ ಕೂತು ಜಗಳ ಆಡುತ್ತಾರೆ, ದಾಂಡಿಗ ಹುಡುಗ ಜಿಯಾನ್ ಅದರ ಮೇಲೆ ನಿಂತು ಕರ್ಕಶವಾಗಿ ಹಾಡುತ್ತಾನೆ. ನಮ್ಮೂರಿನ ನೀರಿನ ಕಾಮಗಾರಿಗೆ ತಂದ ಪೈಪು ಪಂಚಾಯತಿ ಹಿಂದೆ ತಿಂಗಳುಗಟ್ಟಲೆ ಬಿದ್ದಿದ್ದವು. ಸಂಜೆ ಈ ಹುಡುಗ ಅಲ್ಲೇ ಕೂರುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಕಥೆಯಲ್ಲಿ ಸೊನ್ನೆ ಅಂಕ ಬಂದ ಪೇಪರ್ ಇದೆ, ಅದನ್ನು ಅಡಗಿಸುವ ಭಯ ಇದೆ, ಬೈಯುವ ಅಮ್ಮ ಇದ್ದಾಳೆ, ಹೊಡೆಯುವ ದೊಡ್ಡ ಹುಡುಗ ಇದ್ದಾನೆ. "ಅದರಾಗ ಯಾರೂ ಇಲ್ರಿ" ಅಂದನಲ್ಲ, ಇಲ್ಲಿ ಇದ್ದದ್ದು ಅವನೇ.

ಬೆವರಿನ ಹನಿ, ನೆನಪಿನ ಬ್ರೆಡ್

ಮರುವಾರ ಫೋನಿನ ಬಗ್ಗೆ ಏನೂ ಹೇಳಲಿಲ್ಲ. ಸ್ಲೇಟ್ ಕೊಟ್ಟು ನೊಬಿತಾನ ಮುಖ ಬರಿ ಅಂದೆ. ಒಂದು ದುಂಡು, ಕನ್ನಡಕದ ಎರಡು ಗಾಜು, ಮೂಗಿಗೆ ಸಣ್ಣ ಗೆರೆ, ಅರ್ಧ ನಿಮಿಷದಲ್ಲಿ ಮುಗಿಯಿತು. 'ಸ' ತಿದ್ದೋಕೆ ಹತ್ತು ನಿಮಿಷ ತಗೊಳ್ಳುವ ಕೈ ಅದು! ಈ ಚಿತ್ರಗಳ ಇನ್ನೊಂದು ಗುಟ್ಟು ಇದೇ. ನಾಲ್ಕು ಗೆರೆಯಲ್ಲಿ ಆರು ವರ್ಷದವನೂ ಬರೆಯಬಹುದು.

ಆಮೇಲೆ ಅವನು ಪಕ್ಕದಲ್ಲಿ ಇನ್ನೊಂದು ಮುಖ ಬರೆದ, ಕನ್ನಡಕ ಇಲ್ಲದ್ದು. ಹಣೆಯ ಪಕ್ಕ ದೊಡ್ಡದೊಂದು ನೀರಿನ ಹನಿ ಇಳಿಸಿದ. ಜಪಾನಿನ ಚಿತ್ರಕಥೆಗಳಲ್ಲಿ ಇಂಥ ಗುರುತುಗಳದ್ದೇ ಒಂದು ಭಾಷೆ ಇದೆ. ಗಾಬರಿಯಾದರೆ ಬೆವರಿನ ಹನಿ, ಸಿಟ್ಟು ಬಂದರೆ ಹಣೆಯಲ್ಲಿ ಉಬ್ಬಿದ ನರ, ನಿದ್ದೆ ಬಂದರೆ ಮೂಗಿನಲ್ಲಿ ಗುಳ್ಳೆ. "ಇದು ಯಾರೋ?" ಅಂದೆ. ಬೆರಳಿನಿಂದ ತನ್ನನ್ನು ತೋರಿಸಿಕೊಂಡ. "ಯಾವಾಗ ಹಿಂಗ ಆಗತೈತಿ?" ಅಂದೆ. ನಾನು ಕೈಯಲ್ಲಿ ಹಿಡಿದಿದ್ದ ಅಕ್ಷರದ ಕಾರ್ಡು ತೋರಿಸಿದ.

ಶಾಲೆಗೆ ಸೇರಿದ ಏಳು ತಿಂಗಳಲ್ಲಿ ಅವನು ನನಗೆ ಹೇಳಿದ ಮೊದಲ ದೊಡ್ಡ ವಿಷಯ ಅದು. ಬಾಯಿಬಿಟ್ಟು ಹೇಳಿದ್ದೂ ಅಲ್ಲ. ಅಂದಿನಿಂದ ರಟ್ಟಿನ ಮೇಲೆ ಐದಾರು ಮುಖ ಬರೆದು ಗೋಡೆಗೆ ತೂಗುಹಾಕಿದೆ. ಬೆಳಿಗ್ಗೆ ಬಂದವರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳಬಹುದು. ಹನಿ ಇರುವ ಮುಖ ಎತ್ತಿಕೊಂಡವರಿಗೆ ಎಲ್ಲರ ಮುಂದೆ ಓದಿಸೋದಿಲ್ಲ, ಪಕ್ಕ ಕೂರಿಸಿಕೊಂಡು ಓದಿಸುತ್ತೇನೆ. ಮೊದಲ ದಿನ ಬೇರೆ ಮಕ್ಕಳು ಸುಮ್ನೆ ಮಜಾಕ್ಕೆ ಎಲ್ಲರೂ ಹನಿಯನ್ನೇ ಎತ್ತಿದರು. ವಾರದಲ್ಲಿ ಅದು ಸರಿಹೋಯಿತು.

ರೊಟ್ಟಿಯ ಗುಟ್ಟು ಒಡೆದದ್ದು ಮುಂದಿನ ಭಾನುವಾರ, ಎರಡನೇ ಸಲ ಅವರ ಮನೆಗೆ ಹೋದಾಗ. ಅಂದು ಬಂದ ಕಥೆಯಲ್ಲಿ ನೊಬಿತಾನಿಗೆ ಪರೀಕ್ಷೆ. ಡೋರೆಮಾನ್ ತನ್ನ ಚೀಲದಿಂದ ಬ್ರೆಡ್ಡಿನ ಹೋಳು ತೆಗೆದು ಕೊಡುತ್ತೆ. ಪುಸ್ತಕದ ಪುಟದ ಮೇಲೆ ಬ್ರೆಡ್ ಒತ್ತಿದರೆ ಅಕ್ಷರವೆಲ್ಲ ಅದಕ್ಕೆ ಅಂಟುತ್ತೆ. ತಿಂದರೆ ಪಾಠ ಬಾಯಿಪಾಠ.

ನಾನು ಹುಡುಗನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಬಿಸಿ ರೊಟ್ಟಿ, ಒತ್ತಿದ ಪುಟ, ಹಿಟ್ಟಿನ ಕಲೆ ಎಲ್ಲ ಕಣ್ಣ ಮುಂದೆ ಬಂದವು. ನಮ್ಮ ಕಡೆ ಬ್ರೆಡ್ ಎಲ್ಲಿಂದ ಬರಬೇಕು, ಮನೆಯಲ್ಲಿದ್ದದ್ದು ಜೋಳದ ರೊಟ್ಟಿ. ಅವನು ಪುಸ್ತಕ ಹಾಳು ಮಾಡಿರಲಿಲ್ಲ. ಆ ವರ್ಷ ನನ್ನ ತರಗತಿಯಲ್ಲಿ ಅಕ್ಷರ ಕಲಿಯೋಕೆ ಅಷ್ಟು ಪ್ರಾಮಾಣಿಕವಾಗಿ ಪ್ರಯತ್ನ ಪಟ್ಟವನು ಇನ್ನೊಬ್ಬ ಇರಲಿಲ್ಲ. ಅವನನ್ನೇ ನಾನು ನಿಲ್ಲಿಸಿ ಬೈದಿದ್ದೆ. "ಅಂದು ರೊಟ್ಟಿ ತಿಂದೇನೋ?" ಅಂತ ಮೆಲ್ಲಗೆ ಕೇಳಿದೆ. "ತಿಂದ್ನಿರಿ. ಅಕ್ಷರ ಹತ್ತಿರಲಿಲ್ಲ" ಅಂದ.

ರೊಟ್ಟಿಗೆ ಅಕ್ಷರ ಹತ್ತಿಸಿದ್ದು

ನಾನು ತಾಯಿಗೆ ಹೇಳಿದೆ: ರೊಟ್ಟಿ ಬೇಯಿಸೋ ಮೊದಲು ಹಸಿ ಮೈ ಮೇಲೆ ಒಂದು ಅಕ್ಷರ ಗೀರಿ ಕೊಡಿ, ಓದಿ ತಿನ್ನಲಿ. ದಿನಕ್ಕೆ ಒಂದೇ. ಎರಡು ದಿನ ನಡೆಯಿತು. ಮೂರನೇ ದಿನ ತಂಗಿಯೂ ತನಗೂ ಬೇಕು ಅಂತ ಹಟ ಹಿಡಿದಳು. ತಾಯಿಗೆ ಹೊಲಿಗೆ ಅವಸರ, "ಸಾಕು ಹೋಗ್ರಿ" ಅಂದರು. ಇದೂ ಮುರಿದುಬಿತ್ತು ಅಂದುಕೊಂಡೆ.

ಆಗ ಅಜ್ಜಿ ಒಲೆ ಮುಂದೆ ಕೂತರು. ಅಜ್ಜಿಗೆ ಓದು ಬರದು. 'ಗ' ಹೇಗಿರುತ್ತೆ ಅಂತ ಮೊಮ್ಮಗನನ್ನೇ ಕೇಳಬೇಕು. ಅವನು ಹಿಟ್ಟಿನಲ್ಲಿ ಬೆರಳಾಡಿಸಿ ಬರೆದು ತೋರಿಸಬೇಕು, ಅಜ್ಜಿ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ರೊಟ್ಟಿ ಮೇಲೆ ಗೀರಬೇಕು. ತಪ್ಪಾದರೆ ಇವನು ತಿದ್ದಬೇಕು. ನಾನು ಲೆಕ್ಕ ಹಾಕಿದ್ದು ಮಗು ಓದಲಿ ಅಂತ. ಆದದ್ದು ಮಗು ಮೇಷ್ಟ್ರಾಗಿದ್ದು. ತಾಯಿ ಗೀರಿಕೊಟ್ಟಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತೆ. 'ದ' ಬರೆಯುವಾಗ ಅಜ್ಜಿ ದಿನಾ ಏನಾದರೂ ಮರೆಯುತ್ತಿದ್ದರಂತೆ. ದಿನಾ ಬೈಸಿಕೊಳ್ಳುತ್ತಿದ್ದರಂತೆ.

ಫೋನಿನ ವಿಷಯದಲ್ಲಿ ಆದದ್ದು ಅರ್ಧಂಬರ್ಧ. ಇದರ ನಡುವೆ ಒಂದು ರಾತ್ರಿ ಹುಡುಗ ಕಿರುಚಿ ಎದ್ದಿದ್ದ. ವಿಡಿಯೊ ಒಂದರ ಹಿಂದೆ ಒಂದು ತಾನಾಗಿ ಬಂದು, ಡೋರೆಮಾನ್ ಮುಗಿದ ಮೇಲೆ ಕತ್ತಿ, ರಕ್ತದ ಕಾಳಗ ಬಂದಿತ್ತು. "ಎಲ್ಲಾ ಒಂದ ನಮೂನಿ ಕಣ್ಣಿರ್ತಾವಲ್ರಿ, ನಮಗೇನ ತಿಳಿಬೇಕು" ಅಂದರು ತಾಯಿ. ನಿಜ. ಕಣ್ಣು ದೊಡ್ಡದಿದ್ದರೆ ಮಕ್ಕಳದ್ದು ಅಂತ ನಾವೇ ಅಂದುಕೊಳ್ಳುತ್ತೇವೆ. ಜಪಾನಿನ ಇನ್ನೊಂದು ಕಾರ್ಟೂನ್, ಐದು ವರ್ಷದ ಶಿನ್‌ಚಾನ್‌ನ ಕಥೆ ಕೂಡ 1990ರಲ್ಲಿ ಶುರುವಾದದ್ದು ದೊಡ್ಡವರು ಓದುವ ಪತ್ರಿಕೆಯಲ್ಲಿ. ಅದಕ್ಕೆ ಹತ್ತು ಕಥೆ ಆರಿಸಿ ಫೋನಿನಲ್ಲಿ ಇಳಿಸಿಟ್ಟು, ನೋಡುವಾಗ ನೆಟ್ ಬಂದ್ ಮಾಡಿ ಅಂದೆ. ಅದೇ ಹತ್ತನ್ನು ಎಷ್ಟು ಸಲ ನೋಡಿದರೂ ಅವನಿಗೆ ಬೇಜಾರಿಲ್ಲ. ಮುಂದೇನು ಅಂತ ಗೊತ್ತಿರೋದೇ ಆ ವಯಸ್ಸಿಗೆ ಸುಖ.

ಹೊದಿಕೆಯೊಳಗೆ ಕತ್ತಲಲ್ಲಿ ನೋಡೋದನ್ನು ಮಾತ್ರ ಗಟ್ಟಿಯಾಗಿ ಬೇಡ ಅಂದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಅನ್ನೋ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಪಟಪಟ ಮಿನುಗಿ, ಆರುನೂರಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳೇ ಜಾಸ್ತಿ, ಆಸ್ಪತ್ರೆ ಸೇರಿದ್ದರು. ಕೋಣೆಯಲ್ಲಿ ಬೆಳಕಿರಲಿ, ಪರದೆಯಿಂದ ದೂರ ಕೂತು ನೋಡಿ ಅಂತ ಅಲ್ಲಿನ ಟಿವಿಗಳು ಆಮೇಲೆ ಎಚ್ಚರಿಕೆ ಹಾಕತೊಡಗಿದವು. ಇದನ್ನು ಹೇಳಿದ ದಿನವೇ ತಂದೆ ಹೊಸ ಬಲ್ಬ್ ತಂದು ಹಾಕಿದರು. ಊಟದ ಹೊತ್ತಿನ ಫೋನ್ ಮಾತ್ರ ಇನ್ನೂ ಹೋಗಿಲ್ಲ. ಮುಂಚೆ ಮೂರು ಹೊತ್ತು, ಈಗ ರಾತ್ರಿ ಒಂದು ಹೊತ್ತು.

ಮಾರ್ಚ್ ಹೊತ್ತಿಗೆ ಹುಡುಗ ಮೂರು ಗುಂಪಿನ ಅಕ್ಷರ ದಾಟಿದ. 'ಸರ', 'ಗರಗಸ', 'ಮರ' ಓದುತ್ತಾನೆ. ಕಾಗುಣಿತದ ಹತ್ತಿರ ಇನ್ನೂ ಬಂದಿಲ್ಲ. ತರಗತಿಯ ಉಳಿದ ಮಕ್ಕಳ ಜೊತೆ ಹೋಲಿಸಿದರೆ ಹಿಂದೆಯೇ ಇದ್ದಾನೆ. ಹನಿ ಇರುವ ಮುಖವನ್ನು ವಾರಕ್ಕೆ ಎರಡು ಸಲವಾದರೂ ಎತ್ತಿಕೊಳ್ಳುತ್ತಾನೆ.

ಆ ತಿಂಗಳ ಕೊನೆಗೆ ಎರಡು ದಿನ ಶಾಲೆಗೆ ಬರಲಿಲ್ಲ. ಹೊಟ್ಟೆ ಕೆಟ್ಟಿತ್ತು ಅಂತ ಅಜ್ಜಿ ಹೇಳಿಕಳಿಸಿದ್ದರು. ಮೂರನೇ ದಿನ ಬಂದ. ನಾನು ಕಾರ್ಡು ತೆಗೆದು ಪಕ್ಕ ಕೂರಿಸಿಕೊಂಡೆ. ಕಾರ್ಡನ್ನು ನೋಡಿದ, ನನ್ನನ್ನು ನೋಡಿದ. ಆ ಬ್ರೆಡ್ಡಿನ ಕಥೆಯ ಕೊನೆಯಲ್ಲಿ ನೊಬಿತಾ ಸಿಕ್ಕಾಪಟ್ಟೆ ತಿಂದು, ಹೊಟ್ಟೆ ಕೆಟ್ಟು, ಕಲಿತದ್ದೆಲ್ಲ ಪಾಯಿಖಾನೆ ಪಾಲಾಗುತ್ತೆ. ಹುಡುಗ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ನಗು ತಡೆಯೋಕಾಗದೆ ಅಂದ:

"ಎಲ್ಲಾ ಹೋತ್ರಿ ಟೀಚರ್."